ಹೊನ್ನಪ್ಪ ಮೇಸ್ತ್ರಿಯ ಅಂಗೈ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಚಾವಣಿಯ ದೀಪವನ್ನು. ಹಬ್ಬದೂಟಕ್ಕೆ ಕರೆದವರ ಮನೆಯಲ್ಲೂ ಇದೇ ಕತೆ. "ಜನ ಎಲೆ ನೋಡ್ತಾರೆ, ನೀವು ಬಲ್ಬ್ ನೋಡ್ತೀರಲ್ರೀ" ಎಂದು ನನ್ನ ಹೆಂಡತಿ ನಗುತ್ತಾಳೆ. ನಾನೂ ನಗುತ್ತೇನೆ. ಮೊನ್ನೆ ನಾಯಂಡಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ವರ್ಕ್‌ಶಾಪಿನಿಂದ ಬಿಸಿ ಕಬ್ಬಿಣದ ಮೇಲೆ ಎಣ್ಣೆ ಬಿದ್ದ ವಾಸನೆ ಬಂತು. ಕಾಲು ತಾನಾಗಿ ಬಾಗಿಲಿಗೆ ಹೋಯಿತು, ಕಣ್ಣು ಬಲ್ಬಿಗೆ ಹೋಯಿತು. ಅದೇನೋ ನೆಟ್ಟಗೇ ಉರಿಯುತ್ತಿತ್ತು, ಆದರೆ ಅಷ್ಟರಲ್ಲಿ ನನ್ನ ಬಸ್ಸು ಬಂದು ಹೋಗಿತ್ತು. ಹೆಂಡತಿಗೆ ಇದುವರೆಗೂ ಹೇಳದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಪುಟ್ಟ ಕಾರ್ಖಾನೆಯೊಂದರಲ್ಲಿ ನಾನು ಡಿಪ್ಲೊಮಾ ಮುಗಿಸಿ ಸೇರಿದ್ದ ಎಂಜಿನಿಯರ್. ಎಂಜಿನಿಯರ್ ಎಂದರೆ ಇಂಗ್ಲಿಷ್ ಪುಸ್ತಕ ಓದಿ ಹೇಳುವವನು ಎಂದಷ್ಟೇ ಅರ್ಥ. ಕೆಲಸ ಮಾಡುವ ಕೈ ಹೊನ್ನಪ್ಪ ಮೇಸ್ತ್ರಿಯವರದು. ಬ್ಯಾಡರಹಳ್ಳಿಯ ಒಕ್ಕಲು ಮನೆತನದವರು. ಬೆಳಗ್ಗೆ ಹಸುವಿನ ಹಾಲು ಕರೆದಿಟ್ಟು, ಮಾಗಡಿ ರಸ್ತೆಯುದ್ದಕ್ಕೂ ಸೈಕಲ್ ತುಳಿದು ನಮಗೆಲ್ಲರಿಗಿಂತ ಮೊದಲು ಬಂದಿರುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ಯಾವ ಯಂತ್ರ ಕೂಡಿಸಿದರೂ ಕೊನೆಗೆ ಕೆಲಸದ ತುಂಡು ಕೂರಿಸುವ ಅದರ ಕಬ್ಬಿಣದ ಮೇಜಿನ ಮೇಲೆ ಬಲ ಅಂಗೈ ಊರಿ, ಕಣ್ಣು ಮುಚ್ಚಿ, "ಓಡ್ಸಿ ಸಾರ್" ಎನ್ನುತ್ತಿದ್ದರು. ಮೇಜು ಸರಿಯುವಾಗ ಒಳಗೆ ಎಲ್ಲಿ ಹಿಡಿಯುತ್ತದೆ, ಎಲ್ಲಿ ಅದುರುತ್ತದೆ ಎನ್ನುವುದು ಆ ಅಂಗೈಗೆ ತಿಳಿಯುತ್ತಿತ್ತು. ನಾವು ಅದನ್ನು ನಾಡಿ ನೋಡುವುದು ಎನ್ನುತ್ತಿದ್ದೆವು. ಆ ಹೊತ್ತಿನಲ್ಲಿ ಯಜಮಾನರೂ ಬಾಯಿ ಬಿಡುತ್ತಿರಲಿಲ್ಲ. ನಾನಂತೂ ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದೆ.

ಯಜಮಾನರಿಗೆ ಕಬ್ಬಿಣ ಕೊರೆಯುವ ಒಂದು ಹಳೆಯ ಮಿಲ್ಲಿಂಗ್ ಯಂತ್ರವನ್ನು ಕಂಪ್ಯೂಟರಿನಿಂದ ಓಡಿಸುವ ಹುಚ್ಚು ಹತ್ತಿತು. ಕೈಯಿಂದ ಹಿಡಿಕೆ ತಿರುಗಿಸುವ ಹಳೆಯ ಸ್ಕ್ರೂಗಳಲ್ಲಿ ಸಡಿಲ ಜಾಸ್ತಿ, ಕಂಪ್ಯೂಟರಿಗೆ ಅವು ಆಗವು. ಬಾಲ್ ಸ್ಕ್ರೂ ಬೇಕು. ಅದರ ನಟ್ಟಿನೊಳಗೆ ಉಕ್ಕಿನ ಸಣ್ಣ ಗುಂಡುಗಳು ಉರುಳುತ್ತಿರುತ್ತವೆ, ಆದ್ದರಿಂದ ಎಲ್ಲೂ ತಡೆಯೇ ಇಲ್ಲ. ಪರದೇಶದಿಂದ ಮೂರು ಬಂದವು: ಮೇಜಿನ ಉದ್ದಕ್ಕೊಂದು, ಅಡ್ಡಕ್ಕೊಂದು, ಕಟರ್ ಹಿಡಿದ ಭಾರಿ ಹೆಡ್ಡು ಮೇಲೆ ಕೆಳಗೆ ಓಡಾಡಲು ಇನ್ನೊಂದು. ನಟ್ಟು ಸ್ಕ್ರೂವಿನ ತುದಿ ದಾಟಿದರೆ ಗುಂಡುಗಳೆಲ್ಲ ಚೆಲ್ಲಿಹೋಗುತ್ತವೆ ಎಂದು ನಾನು ಓದಿ ಹೇಳಿದ್ದೇ ತಡ, ಮೇಸ್ತ್ರಿ ಮರುದಿನ ಹೆಂಡತಿಯ ಹಳೆ ಸೀರೆ ತಂದು ಯಂತ್ರದ ಕೆಳಗೆ ಹಾಸಿದರು. ಒಂದು ಗುಂಡೂ ಬೀಳಲಿಲ್ಲ. "ನೀವು ಓದಿ ಹೇಳಿ ಸಾರ್, ನಾನು ಮಾಡ್ತೀನಿ. ಕಣ್ಣು ನಿಮ್ದು, ಕೈ ನಂದು" ಎಂದು ನಕ್ಕರು.

ಸ್ಕ್ರೂ ಕೂತ ಮೇಲೆ ಆ ಭಾರದ ಮೇಜನ್ನು ಮೇಸ್ತ್ರಿ ಒಂದೇ ಬೆರಳಿನಿಂದ ತಳ್ಳಿದರು. ಸುಯ್ಯನೆ ಸರಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಮಾತ್ರ ತಲೆಯೆತ್ತಿ ಮೇಲಿನ ಹೆಡ್ಡನ್ನು ನೋಡಿದೆ. ಹಳೆಯ ಸ್ಕ್ರೂ ಕೆಸರಲ್ಲಿ ಮಲಗಿದ ಎಮ್ಮೆಯಂತೆ, ಬಿಟ್ಟಲ್ಲೇ ಇರುತ್ತದೆ. ಇದು ಹಾಗಲ್ಲ. ಪಕ್ಕಕ್ಕೆ ಇಷ್ಟು ಸಲೀಸಾಗಿ ಹೋಗುವುದು ಕೆಳಕ್ಕೂ ಹೋಗಬೇಕಲ್ಲ? ಪುಸ್ತಕ ತಿರುವಿದೆ. ಒಂದೇ ಒಂದು ಸಾಲು: ಹೆಡ್ಡನ್ನು ಏರಿಸಿ ಇಳಿಸುವ ಮೋಟಾರಿಗೆ ಬ್ರೇಕ್ ಇರಲೇಬೇಕು, ಇಲ್ಲವಾದರೆ ಕರೆಂಟು ಹೋದಾಗ ಹೆಡ್ಡು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನಮ್ಮ ಮೋಟಾರಿಗೆ ಬ್ರೇಕ್ ಇರಲಿಲ್ಲ.

ಅದು ಸೋಮವಾರ. ಯಜಮಾನರ ಬಳಿ ಓಡಿದೆ.

"ಮೋಟಾರೇ ಹಿಡ್ಕೊಂಡಿರತ್ತಲ್ರೀ" ಎಂದರು.

"ಕರೆಂಟ್ ಹೋದ್ರೆ ಸಾರ್?"

"ಹೋಗಲ್ಲ ಬಿಡ್ರಿ. ಗುರುವಾರ ಪಾರ್ಟಿ ನೋಡೋಕ್ ಬರ್ತಾರೆ. ಆರ್ಡರ್ ಸಿಗ್ಲಿ, ಬ್ರೇಕ್ ಇರೋದೇ ತರ್ಸೋಣ. ಮೇಸ್ತ್ರಿಗೆ ಹೇಳೋಕ್ ಹೋಗ್ಬೇಡಿ, ಅವ್ರು ಮುಟ್ಟೋದೇ ಬಿಟ್ಬಿಡ್ತಾರೆ."

ಅತ್ತ ದರಿ, ಇತ್ತ ಪುಲಿ. ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ನಾನು ಸುಮ್ಮನಾದೆ. ಯಂತ್ರ ನಿಲ್ಲಿಸಿದಾಗಲೆಲ್ಲ ಹೆಡ್ಡಿನ ಕೆಳಗೆ ಮರದ ದಿಮ್ಮಿ ಇಡುತ್ತಿದ್ದೆ. ಆದರೆ ಏನನ್ನು ಬಿಗಿ ಮಾಡಿದರೂ ಮೇಸ್ತ್ರಿ ಮತ್ತೆ ನಾಡಿ ನೋಡುತ್ತಿದ್ದರು; ಆ ಹೊತ್ತಿನಲ್ಲಿ ದಿಮ್ಮಿ ಇಡುವಂತಿಲ್ಲ, ಆ ಜಾಗದಲ್ಲಿ ಅವರ ಅಂಗೈ ಇರುತ್ತಿತ್ತು. ಮೇಲೆ ಹೆಡ್ಡು, ಕೆಳಗೆ ಕೈ, ನಡುವೆ ಮೂರು ಗೇಣು ಗಾಳಿ. ಆಗ ನಾನು ಬಲ್ಬು ನೋಡುತ್ತಿದ್ದೆ. ನಮ್ಮ ಕಡೆ ಕರೆಂಟು ಹೋಗುವ ಮುಂಚೆ ಬಲ್ಬು ಒಂದು ಕ್ಷಣ ಕೆಂಪಾಗುತ್ತಿತ್ತು. ಆ ಕ್ಷಣದಲ್ಲಿ ಕೂಗಿಬಿಟ್ಟರಾಯಿತು ಎಂದುಕೊಂಡಿದ್ದೆ. ಬ್ರೇಕಿನ ಬದಲು ನನ್ನ ಗಂಟಲು. ಎಂಥ ಎಂಜಿನಿಯರಿಂಗ್ ನೋಡಿ! ಬುಧವಾರ "ಮೇಸ್ತ್ರೀ" ಎಂದು ಎರಡು ಸಲ ಕರೆದೆ. "ಏನ್ ಸಾರ್?" ಎಂದರು. ಎರಡು ಸಲವೂ ಸ್ಪ್ಯಾನರ್ ಕೇಳಿದೆ.

ಗುರುವಾರ ಪಾರ್ಟಿಯವರು ಬಂದರು. ಯಂತ್ರಕ್ಕೆ ಕುಂಕುಮ ಇಟ್ಟು ಕಾಯಿ ಒಡೆದದ್ದಾಯಿತು. ಮೇಸ್ತ್ರಿ ಅಂಗೈ ಊರಿ ಕಣ್ಣು ಮುಚ್ಚಿದರು. ಮೇಜು ಸರಿಯತೊಡಗಿತು. ಬಲ್ಬು ಕೆಂಪಾಯಿತು.

"ಕೈ ತೆಗೀರೀ!"

ಆ ಶೆಡ್ಡಿನಲ್ಲಿ ಹೊನ್ನಪ್ಪ ಮೇಸ್ತ್ರಿಯ ಮೇಲೆ ಯಾರೂ ಹಾಗೆ ದನಿ ಎತ್ತಿದ್ದಿಲ್ಲ. ಅವರು ಕಣ್ಣು ತೆರೆದು ನನ್ನತ್ತ ತಿರುಗಿದರು. ಕೈ ಅಲ್ಲೇ ಇತ್ತು. ಅವರಿಗೆ ಸಿಟ್ಟು ಬಂದದ್ದೇ ಪುಣ್ಯ. "ಯಾರಿಗ್ರೀ ಹೇಳ್ತಿರೋದು?" ಎಂದು ಅದೇ ಕೈ ಎತ್ತಿ ನನ್ನತ್ತ ನೀಡಿದರು. ಕರೆಂಟು ಹೋಯಿತು, ಹೆಡ್ಡು ಇಳಿಯಿತು. ಅವರ ಅಂಗೈ ಇದ್ದ ಜಾಗದಲ್ಲೇ ಕಟರ್ ಮೇಜನ್ನು ಕಚ್ಚಿ ನಿಂತಿತು.

ಪಾರ್ಟಿಯವರು ಯಾವಾಗ ಎದ್ದುಹೋದರೋ ತಿಳಿಯದು. ಮೇಸ್ತ್ರಿ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ನಿಮ್ಗೆ ಹೆಂಗ್ ಗೊತ್ತಾಯ್ತು ಸಾರ್?"

ಯಜಮಾನರು ನನ್ನ ಮುಖ ನೋಡಿದರು.

"ಬಲ್ಬ್ ಮಂಕಾಯ್ತು... ಏನೋ ಹೊಳೀತು" ಎಂದೆ.

ಮೇಸ್ತ್ರಿ ಎರಡೂ ಕೈ ಜೋಡಿಸಿ ನನಗೆ ಮುಗಿದರು. ಬ್ರೇಕಿನ ಮೋಟಾರು ಬಂತು, ನಾನು ಪರ್ಮನೆಂಟ್ ಆದೆ. ಪ್ರತಿ ವರ್ಷ ಚಳಿಗಾಲದ ಸೊಗಡಿನ ಕಾಲಕ್ಕೆ ಅವರ ಹೊಲದ ಅವರೆಕಾಯಿ ಬಸವೇಶ್ವರನಗರದ ನಮ್ಮ ಮನೆಗೆ ಬರತೊಡಗಿತು. ಹೆಂಡತಿ ಚಪ್ಪರಿಸಿ ತಿನ್ನುತ್ತಿದ್ದಳು. ನಾನು ನನ್ನ ಪಾಲನ್ನೂ ಅವಳ ತಟ್ಟೆಗೇ ಬಡಿಸುತ್ತಿದ್ದೆ.

ಮೊನ್ನೆಯ ಆ ವಾಸನೆ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಮರುದಿನವೇ ಬ್ಯಾಡರಹಳ್ಳಿಗೆ ಹೋದೆ. ಹೊಲವಿದ್ದಲ್ಲಿ ಮೂರಂತಸ್ತಿನ ಮನೆ. ಮೇಸ್ತ್ರಿ ವರಾಂಡದಲ್ಲಿದ್ದರು. ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. ಮೊಮ್ಮಗಳನ್ನು ಕರೆದು, "ನನ್ ಕೈ ಉಳ್ಸಿದ ಸಾರ್ ಇವ್ರೇ ಕಣವ್ವಾ, ಕಾಫಿ ಮಾಡು" ಎಂದರು. ಅವಳು ಒಳಗೆ ಹೋದಳು.

"ಮೇಸ್ತ್ರೀ, ಅದು ಬೀಳತ್ತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು" ಎಂದೆ. "ಸೋಮವಾರದಿಂದ್ಲೇ ಗೊತ್ತಿತ್ತು. ಹೇಳ್ಲಿಲ್ಲ."

ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಮೇಸ್ತ್ರಿ ಬಲ ಅಂಗೈಯನ್ನು ತೊಡೆಯ ಮೇಲೆ ಊರಿ ಕೇಳಿದರು: "ಸೋಮವಾರದಿಂದ ನಾನು ಎಷ್ಟ್ ಸಲ ಕೈ ಇಟ್ಟಿದ್ದೆ?"

"ಆವತ್ತಿಂದು ಬಿಟ್ಟು ಹನ್ನೊಂದು ಸಲ."

"ಎಣಿಸ್ಕೊಂಡ್ ನಿಂತಿದ್ರಾ ಸಾರ್?"

ಮೊಮ್ಮಗಳು ಕಾಫಿ ತಂದು ನನ್ನ ಮುಂದಿಟ್ಟಳು. ಕುಡೀರಿ ಎಂದು ಮೇಸ್ತ್ರಿ ಹೇಳಲಿಲ್ಲ.