ಗಾಜಿನಾಚೆಯ ತುಟಿಗಳು

ಮಗ್ಗದ ಶೆಡ್ಡಿನೊಳಗೆ ಮಾತನ್ನು ಯಾರೂ ಕೇಳುವುದಿಲ್ಲ, ನೋಡುತ್ತಾರೆ. ಅರವತ್ತು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತು ಕಿರುಚಿದರೂ ಕಿವಿಗೆ ಬೀಳದು. ಹಾಗಾಗಿ ಅಲ್ಲಿನವರು ದನಿ ಹೊರಡಿಸದೆ, ಬಾಯಿ ಅಗಲಿಸಿ ಒಂದೊಂದೇ ಪದ ಆಡುತ್ತಾರೆ. ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಅಕ್ಕ ಇಪ್ಪತ್ತೇಳು ವರ್ಷ ಹೀಗೇ ದುಡಿದವಳು. ಕಾರ್ಖಾನೆಗೆಲ್ಲ ಅವಳು ಅಕ್ಕ, ಅವಳಿಗಿಂತ ಆರು ವರ್ಷ ದೊಡ್ಡವನಾದ ನನಗೂ. ನಾನು ಅಲ್ಲಿನ ಆಫೀಸಿನ ಗುಮಾಸ್ತ. ಸಭೆಗಳಲ್ಲಿ ಮೂಲೆ ಹಿಡಿದು ಕೂತು ಬರೆದುಕೊಳ್ಳುವುದು ನನ್ನ ಕೆಲಸ.

ಅಕ್ಕನಿಗೆ ಶೆಡ್ಡಿನ ಮ್ಯಾನೇಜರ್ ಆಗಬೇಕಿತ್ತು. ಯಾವ ಮಗ್ಗ ಯಾವಾಗ ಕೈಕೊಡುತ್ತದೆ ಎಂಬುದು ಅವಳಿಗೆ ನೆಲದ ನಡುಕದಲ್ಲೇ ತಿಳಿಯುತ್ತಿತ್ತು. ಮ್ಯಾನೇಜರಾಗಿ ಬಂದವರೆಲ್ಲ ಅವಳ ಹತ್ತಿರವೇ ಕೆಲಸ ಕಲಿತು, ಅವಳ ಮೇಲೇ ದರ್ಬಾರು ನಡೆಸಿ ಹೋದರು. ಹೋದ ವರ್ಷ ಅವಳೂ ಅರ್ಜಿ ಹಾಕಿದಳು. ಸಂದರ್ಶನ ಮುಗಿಸಿ ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕೂತಳು. ಆ ಬೆಂಚಿಗೂ ಡೈರೆಕ್ಟರ್ ಕೋಣೆಗೂ ನಡುವೆ ಗಾಜಿನ ಗೋಡೆ. ಒಳಗಿನ ಒಂದಕ್ಷರವೂ ಹೊರಗೆ ಕೇಳದು ಎಂಬ ಧೈರ್ಯದಲ್ಲಿ ನಾವು ಮನಬಂದಂತೆ ಮಾತಾಡಿದೆವು. ಆಮೇಲೆ ಅವಳಿಗೆ ಹೋದ ಕಾಗದದಲ್ಲಿ ಇದ್ದದ್ದು ಇಷ್ಟೇ: ಕೆಲಸದಲ್ಲಿ ನಿಪುಣೆ, ನಾಯಕತ್ವಕ್ಕೆ ಬೇಕಾದ ವ್ಯಕ್ತಿತ್ವದ ಪ್ರಭಾವ ಸಾಲದು. ಟೈಪು ಮಾಡಿದವನು ನಾನೇ.

"ಪ್ರಭಾವ ಅಂದ್ರೆ ಏನು?" ಎಂದು ಅಕ್ಕ ನನ್ನನ್ನು ಕೇಳಿದಳು.

"ಗತ್ತು ಅಂತ ಇಟ್ಕೊಳ್ಳಿ. ನೀವು ಬಂದ ತಕ್ಷಣ ಎಲ್ಲರೂ ತಿರುಗಿ ನೋಡ್ಬೇಕು."

"ನಮ್ಮ ಶೆಡ್ಡಲ್ಲಿ ತಿರುಗಿ ನೋಡಿದ್ರೆ ಬೆರಳು ಹೋಗುತ್ತೆ," ಎಂದು ಹೊರಟುಹೋದಳು.

ಆದರೆ ಬಿಡಲಿಲ್ಲ. ಕಂಪನಿಯವರು ಮೂರು ದಿನದ ತರಬೇತಿ ಇಟ್ಟಾಗ ಮೊದಲು ಹೆಸರು ಕೊಟ್ಟವಳು ಅವಳೇ. ಕೋಟು ತೊಟ್ಟ ಮೇಷ್ಟ್ರೊಬ್ಬರು ಬಂದು ಬೆನ್ನು ನೆಟ್ಟಗಿರಲಿ, ಕೈ ಆಡಿಸಬೇಡಿ, ಉತ್ತರಕ್ಕೆ ಮುಂಚೆ ಎರಡು ಕ್ಷಣ ಸುಮ್ಮನಿರಿ ಎಂದರು. ಅಕ್ಕನಿಗೆ ಮಾತ್ರ ಬೇರೆಯಾಗಿ ಹೇಳಿದರು: "ನೀವು ಎದುರಿನವರ ಬಾಯಿ ನೋಡ್ತೀರಿ. ಅದು ಅಳುಕಿನ ಲಕ್ಷಣ. ಕಣ್ಣಲ್ಲಿ ಕಣ್ಣಿಟ್ಟು ನೋಡಿ."

ಮನೆಯಲ್ಲಿ ಗಂಡನನ್ನು ಎದುರು ಕೂರಿಸಿಕೊಂಡು ಅಭ್ಯಾಸ ನಡೆಯಿತು. ಅವನು ಶಾಲೆಯ ವ್ಯಾನು ಓಡಿಸುವ ಸಾಧು ಮನುಷ್ಯ. ಅವಳು ಎರಡು ನಿಮಿಷ ರೆಪ್ಪೆ ಮಿಟುಕಿಸದೆ ದಿಟ್ಟಿಸಿದ್ದೇ ತಡ, "ಆಯ್ತು ಕಣೇ, ಆ ಗಾಜಿನ ಲೋಟ ಒಡೆದಿದ್ದು ನಾನೇ," ಎಂದು ಒಪ್ಪಿಕೊಂಡನಂತೆ.

ಅವನೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಿರದ ಸಂಗತಿ ಒಂದಿತ್ತು. ಅಕ್ಕನ ಕಿವಿ ಹೋಗಿ ಆರು ವರ್ಷವಾಗಿತ್ತು. ಕಿವಿ ಹೋದವರನ್ನು ನಮ್ಮಲ್ಲಿ ಪ್ಯಾಕಿಂಗ್ ವಿಭಾಗಕ್ಕೆ ತಳ್ಳುತ್ತಿದ್ದರು. ಅಲ್ಲಿಗೆ ಹೋದವರು ಮತ್ತೆ ಮಗ್ಗದ ಮುಖ ನೋಡಿದ್ದಿಲ್ಲ. ತುಟಿ ನೋಡಿಕೊಂಡೇ ಅವಳು ಕಾಲ ತಳ್ಳಿದ್ದಳು. ಕಣ್ಣು ನೋಡಿದರೆ ಗತ್ತು ಬರುತ್ತಿತ್ತು, ಮಾತು ಹೋಗುತ್ತಿತ್ತು.

ಈ ವರ್ಷದ ಸಂದರ್ಶನಕ್ಕೆ ಅವಳು ಬಂದ ರೀತಿಗೆ ನಾವೆಲ್ಲ ನೆಟ್ಟಗೆ ಕೂತೆವು. ಡೈರೆಕ್ಟರರ ಕಣ್ಣಿಗೇ ನೋಟ ನೆಟ್ಟು, ಕಲಿತದ್ದನ್ನೆಲ್ಲ ಅಚ್ಚುಕಟ್ಟಾಗಿ ಒಪ್ಪಿಸಿದಳು. ಆಮೇಲೆ ಅವರು, ಹೊಸ ಮಗ್ಗ ತಂದರೆ ಎಷ್ಟು ಜನರನ್ನು ಕಡಿಮೆ ಮಾಡಬಹುದು ಎಂದು ಕೇಳಿದರು. ಅಕ್ಕ ಎರಡು ಕ್ಷಣ ಸುಮ್ಮನಿದ್ದಳು. ಎರಡು ಹತ್ತಾಯಿತು. ಅವರು ಮತ್ತೆ ಕೇಳಿದರು. ಅಕ್ಕನ ನೋಟ ಕಣ್ಣಿನಿಂದ ಕೆಳಗಿಳಿಯಿತು. ಯೋಚಿಸುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಡೈರೆಕ್ಟರರ ಚಾಳಿ, ಆಗಲೂ ಹಿಡಿದಿದ್ದರು.

"ಸಾರ್, ಬಾಯಿ ಮೇಲಿಂದ ಕೈ ತೆಗೀರಿ," ಎಂದಳು ಅಕ್ಕ.

ನನ್ನ ಪೆನ್ನು ನಿಂತಿತು.

"ನನಗೆ ಕಿವಿ ಕೇಳಲ್ಲ. ತುಟಿ ಕಂಡ್ರೆ ಸಾಕು, ಗಾಜಿನ ಆಚೆಯಿಂದಾನೂ ಗೊತ್ತಾಗುತ್ತೆ. ಹೋದ ವರ್ಷ ನೀವು, 'ಕತ್ತೆ ಥರ ದುಡೀತಾಳೆ, ಆದ್ರೆ ಕುರ್ಚಿಗೆ ಹೊಂದಲ್ಲ' ಅಂದ್ರಿ. ಅದಕ್ಕೆ ಇವ್ರು," ಎಂದು ನನ್ನ ಕಡೆ ತಿರುಗಿದಳು, "'ಹೌದು ಸಾರ್, ಅವಳಿಗ್ಯಾಕೆ ಬೇಕಿತ್ತು ಇದೆಲ್ಲ' ಅಂತ ನಕ್ರು. ಪ್ಯಾಕಿಂಗಿಗೆ ಹಾಕೋದಾದ್ರೆ ಹಾಕಿ. ಈಗ ಏನೋ ಕೇಳಿದ್ರಲ್ಲ, ಅದನ್ನ ಮತ್ತೆ ಕೇಳಿ, ಆಮೇಲೆ ಹಾಕಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲಿ ಎಷ್ಟು ಎಳೆ ಕಡಿದಿದೆ ಎಂದು ಲೆಕ್ಕ ಒಪ್ಪಿಸುವ ದನಿ ಅದು. ನನಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಒಂದು ವರ್ಷ ಪೂರ್ತಿ ಅವಳು ದಿನಾ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು ಮಂಡಿ ನೋವು ಹೇಗಿದೆ ಎಂದು ವಿಚಾರಿಸಿದ್ದಳು. ಪ್ರಭಾವ ಅಂದರೇನು ಎಂದು ಕೇಳಿದ್ದೂ ಎಲ್ಲ ಗೊತ್ತಿದ್ದೇ.

ಡೈರೆಕ್ಟರು ಕೈ ಇಳಿಸಿ ಮೂರನೇ ಸಲ ಕೇಳಿದರು. ಅಕ್ಕ ಅವರ ತುಟಿಯನ್ನೇ ನೋಡುತ್ತ, ಕೈ ಆಡಿಸುತ್ತ, ಕಾಲು ಗಂಟೆ ಉತ್ತರ ಕೊಟ್ಟಳು. ಒಬ್ಬರನ್ನೂ ಕಡಿಮೆ ಮಾಡುವ ಹಾಗಿಲ್ಲ ಎಂಬುದು ಅದರ ಸಾರಾಂಶ. ಯಾರೂ ನಡುವೆ ಬಾಯಿ ಹಾಕಲಿಲ್ಲ. ನೇಮಕದ ಕಾಗದವನ್ನು ಸಂಜೆಯೇ ಟೈಪು ಮಾಡಿದೆ.

ಮರುವಾರ ಡೈರೆಕ್ಟರು ಗಾಜಿಗೆ ದಪ್ಪ ಪರದೆ ಹಾಕಿಸಲು ಹೇಳಿದರು. ಬಟ್ಟೆ ಶೆಡ್ಡಿನದಾದ್ದರಿಂದ ಮ್ಯಾನೇಜರ್ ಸಹಿ ಬೇಕು. ಕಾಗದ ಹಿಡಿದು ಮಗ್ಗಗಳ ಗದ್ದಲದ ನಡುವೆ ಅಕ್ಕನ ಹತ್ತಿರ ಹೋದೆ. ಅವಳು ಓದಿ, ಸಹಿ ಹಾಕದೆ ವಾಪಸು ಕೊಟ್ಟಳು. ನನಗೂ ತಿಳಿಯುವಷ್ಟು ಬಾಯಿ ಅಗಲಿಸಿ, "ಪರದೆ ಬೇಡ, ನಾಲ್ಗೆ ಹಿಡಿತದಲ್ಲಿದ್ರೆ ಸಾಕು," ಎಂದಳು.

ನಾನು ಹೊರಡಲಿಲ್ಲ. ಅಲ್ಲೇ ನಿಂತು ಸದ್ದಿಲ್ಲದೆ, "ತಪ್ಪಾಯ್ತು ಅಕ್ಕಾ," ಎಂದೆ.

ಅವಳು ನನ್ನ ತುಟಿ ನೋಡಿದಳು. "ಸರಿಯಾಗಿ ಕಾಣ್ಲಿಲ್ಲ. ಇನ್ನೊಂದ್ಸಲ ಹೇಳಿ."

ಬಾಯಿ ಅಗಲಿಸಿ ಇನ್ನೊಂದು ಸಲ ಹೇಳಿದೆ. ಇಡೀ ಶೆಡ್ಡು ನೋಡಿತು.