ಊರಮ್ಮನ ಸರಕ್ಕೆ ಅವ್ವ ಕಟ್ಟಿದ ಸುಂಕ

ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಅಜ್ಜಂಪುರದ ನಮ್ಮ ಬೀದಿಯಲ್ಲಿ ವಿಮಾನ ಹತ್ತಿದವರು ಅಂತ ಇದ್ದದ್ದು ನಮ್ಮವ್ವ ಒಬ್ಬಳೇ. ಅಪ್ಪ ತೀರಿಕೊಂಡ ಮೇಲೆ ಅವಳು ಕುವೈತಿನಲ್ಲಿ ಒಬ್ಬರ ಮನೆಗೆ ಅಡುಗೆ ಮಾಡಲು ಹೋಗಿದ್ದಳು. ನಾನು ಅವಳ ತಾಯಿಯ ಹತ್ತಿರ, ನಮ್ಮಜ್ಜಿಯ ಹತ್ತಿರ ಇದ್ದೆ. ಅಜ್ಜಿಯ ಕೈಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಹೊಟ್ಟೆಗೆ ಏನೂ ಕಡಿಮೆ ಇರುವುದಿಲ್ಲ. ಆದರೆ ಸಂಜೆ ಕುಂಟಾಬಿಲ್ಲೆ ಆಡುವಾಗ ಉಳಿದ ಹುಡುಗಿಯರನ್ನು ಅವರವರ ಅವ್ವಂದಿರು ಕೂಗಿ ಕರೆದುಕೊಂಡು ಹೋಗುತ್ತಿದ್ದರಲ್ಲ, ಆಮೇಲೆ ಬೀದಿಯಲ್ಲಿ ನಿಲ್ಲುವುದು ಕಷ್ಟ.

ಒಂದು ವರ್ಷ ನನಗೆ ಕಾಮಾಲೆ ಬಂತು. ಮಗು ಕೈಬಿಟ್ಟು ಹೋಗುತ್ತದೆ ಅಂತಲೇ ಎಲ್ಲ ಅಂದಿದ್ದರಂತೆ. ಅವ್ವ ಅಲ್ಲಿಂದಲೇ ಊರಮ್ಮನಿಗೆ ಹರಕೆ ಹೊತ್ತಳು. ಮಗು ಉಳಿದರೆ ಸ್ವಂತ ದುಡಿಮೆಯಲ್ಲಿ ಎರಡೆಳೆ ಚಿನ್ನದ ಸರ ತಂದು ಹಾಕುತ್ತೇನೆ ಅಂತ. ಆ ತಾಯಿಯ ದಯೆ, ನಾನು ಉಳಿದೆ. ಅವ್ವ ಕೈಯಲ್ಲಿದ್ದದ್ದನ್ನೆಲ್ಲ ಹಾಕಿ ಅಲ್ಲೇ ಸರ ಕೊಂಡಳು. ಪಕ್ಕದ ಮನೆಯ ಫೋನಿಗೆ ಕರೆ ಮಾಡಿ, "ಊರಿಗ್ ಬಂದ್ರೆ ಇನ್ ವಾಪಸ್ ಹೋಗಲ್ಲ ಕಣೇ. ಊರಮ್ಮನ ಋಣ ತೀರಿಸಿ ನಿನ್ ಜೊತೇಲೇ ಇದ್ಬಿಡ್ತೀನಿ" ಅಂದಳು.

ಆಗ ಈರುಳ್ಳಿ ಕೀಳುವ ಕಾಲ. ಊರಿಗೆ ಊರೇ ಈರುಳ್ಳಿಯ ಘಾಟು. ಅವ್ವ ಬರುವ ದಿನ ಅಜ್ಜಿ ಕೂಲಿಗೆ ಹೋಗದೆ ಹೋಳಿಗೆಗೆ ಹೂರಣ ರುಬ್ಬಿದಳು. ಮಾವ, ಅಂದರೆ ಅವ್ವನ ತಮ್ಮ, ಬೆಂಗಳೂರಿಗೆ ಹೋಗಿ ಅವಳನ್ನು ಕರೆತಂದ. ಅವ್ವ ನನ್ನನ್ನು ತಬ್ಬಿಕೊಂಡಾಗ ಅವಳ ಮೈಯಿಂದ ಗೊತ್ತಿಲ್ಲದ ಸೋಪಿನ ವಾಸನೆ ಬಂತು.

"ಸರ ಎಲ್ಲೇ? ತೆಗಿ, ದೇವ್ರ ಮುಂದೆ ಇಡಾಣ" ಅಂದಳು ಅಜ್ಜಿ.

ಮಾವ ಚಪ್ಪಲಿ ಬಿಡುತ್ತಾ, "ಏರ್‌ಪೋರ್ಟಲ್ಲೇ ಇಟ್ಕಂಡ್ರು ಕಣವ್ವ. ನಿನ್ ಮಗಳು ಭಾರೀ ಸತ್ಯವಂತೆ ನೋಡು" ಅಂದ.

ಹೊರದೇಶದಿಂದ ತಂದ ಚಿನ್ನ ಮಿತಿ ದಾಟಿದರೆ ಹೇಳಿ ಸುಂಕ ಕಟ್ಟಬೇಕಂತೆ. ಹೇಳುವುದು ಇದ್ದವರಿಗೆ ಕೆಂಪು ಬೋರ್ಡಿನ ದಾರಿ, ಇಲ್ಲದವರಿಗೆ ಹಸಿರು. ವಿಮಾನದಲ್ಲಿ ಪಕ್ಕ ಕೂತಿದ್ದ ಹೆಂಗಸು, ಸರ ಕತ್ತಿಗೆ ಹಾಕಿಕೊಂಡು ಸೆರಗು ಹೊದ್ದು ಹಸಿರು ದಾರಿಯಲ್ಲಿ ನಡೆದುಬಿಡು ಅಂತ ಹೇಳಿಕೊಟ್ಟಿದ್ದಳು. ಅವ್ವ ಸರವನ್ನು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಂಪು ಬೋರ್ಡಿನ ಕಡೆಗೇ ಹೋದಳು.

"ಒಂದ್ ಗಳಿಗೆ ಕತ್ತಿಗೆ ಹಾಕ್ಕಂಡಿದ್ರೆ ನಿನ್ ಗಂಟೇನ್ ಹೋಗ್ತಿತ್ತಕ್ಕಾ?" ಅಂದ ಮಾವ.

"ದೇವ್ರಿಗೆ ಅಂತ ಮುಡಿಪು ಕಟ್ಟಿದ್ದನ್ನ ನಾನ್ ಹಾಕ್ಕಂಡು, ಆಮೇಲೆ ಅವಳ ಕತ್ತಿಗೆ ಹಾಕ್ಲೇನೋ?"

"ಊರಮ್ಮ ಏನ್ ಅಲ್ಲಿ ಬಂದು ನೋಡ್ತಾ ನಿಂತಿದ್ಲಾ?"

"ಮಗು ಉಳಿಸು ಅಂತ ಅಷ್ಟ್ ದೂರದಿಂದ ಕೂಗಿದ್ದು ಕೇಳಿಸ್ತಲ್ಲ ಅವಳಿಗೆ. ಕಿವಿ ಇರೋಳಿಗೆ ಕಣ್ಣಿರಲ್ವಾ?"

ಏರ್‌ಪೋರ್ಟಿನಲ್ಲಿದ್ದ ಅಧಿಕಾರಿ ಕೆಟ್ಟವರೇನಲ್ಲವಂತೆ. ಕೂರಿಸಿ, ನೀರು ಕೊಟ್ಟು, "ದೇವ್ರಿಗೆ ಅಂತ ಬೇರೆ ಕಾನೂನಿಲ್ಲ ತಾಯಿ" ಅಂತ ಸಮಾಧಾನವಾಗಿ ಹೇಳಿ, ರಸೀದಿ ಬರೆದುಕೊಟ್ಟರು. ಸುಂಕ ಕಟ್ಟಿದರೆ ಸರ ಸಿಗುತ್ತಿತ್ತು. ಕಟ್ಟಲು ಅವ್ವನ ಹತ್ತಿರ ಏನೂ ಉಳಿದಿರಲಿಲ್ಲ.

ನನಗೆ ಗೊತ್ತಿದ್ದದ್ದು ನಮ್ಮೂರ ಸಂತೆಯಲ್ಲಿ ಸುಂಕ ಎತ್ತುವವನು ಮಾತ್ರ. ಸೊಪ್ಪು ಮಾರಲು ಕೂತ ಅಜ್ಜಿಯ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಅವನು ಮುಂದಿನ ವಾರ ಕೊಡು ಅನ್ನುತ್ತಿದ್ದ. "ಮುಂದಿನ್ ವಾರ ಕೊಡ್ತೀನಿ ಅನ್ನವ್ವ" ಅಂದೆ. ಎಲ್ಲರೂ ನಕ್ಕರು. ಅವ್ವ ಕೂಡ.

ಸಾಲ ಎತ್ತಿ ಕೊಡುತ್ತೇನೆ ಅಂತ ಮಾವ ಅಂದ. ಅವ್ವ ಒಪ್ಪಲಿಲ್ಲ. "ಸ್ವಂತ ದುಡಿಮೇಲಿ ಅಂತ ಬಾಯ್ಬಿಟ್ಟು ಹೇಳಿದೀನಿ ಕಣೋ."

ಆಮೇಲಿನ ಸ್ವಲ್ಪ ದಿನ ನನಗೆ ಹಬ್ಬ. ಅವ್ವ ಹರಳೆಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಬಿಸಿ ಮುದ್ದೆಗೆ ಹುಚ್ಚೆಳ್ಳು ಚಟ್ನಿ, ಊಟವಾದ ಮೇಲೆ ಕುವೈತಿನ ಖರ್ಜೂರ. ಸಂಜೆ ಅವಳು ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದರೆ, ಇನ್ನೊಂದು ಸಲ ಕೂಗಲಿ ಅಂತ ಬೇಕೆಂದೇ ಓಗೊಡುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಅವಳು ನನ್ನನ್ನು ಬಿಸಿಲಿಗೆ ನಿಲ್ಲಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ಹಳದಿ ಇದೆಯಾ ಅಂತ ನೋಡುತ್ತಿದ್ದಳು. ಬಾಕಿ ಉಳಿಸಿಕೊಂಡ ಹರಕೆಯ ಭಯ. ಒಂದು ದಿನ ನನಗೆ ನೆಗಡಿಯಾಗಿ ಜ್ವರ ಬಂತು. ಬರೀ ನೆಗಡಿ. ಅವ್ವ ನನ್ನ ಹಣೆ ಮುಟ್ಟಿ ನೋಡಿ, ಎದ್ದವಳೇ ಫೋನಿನ ಬೂತಿಗೆ ಹೋಗಿ ಆ ಕುವೈತಿನ ಮನೆಗೆ ಬರುತ್ತೇನೆ ಅಂತ ಹೇಳಿಬಂದಳು.

ಅವಳನ್ನು ರೈಲು ಹತ್ತಿಸಲು ಕಡೂರಿನ ಸ್ಟೇಷನ್ನಿಗೆ ಹೋದೆವು.

"ಸುಂಕದ್ ದುಡ್ಡಾಗ್ತಿದ್ದಂಗೆ ಬಂದ್ಬಿಡ್ತೀನಿ ಕಣೇ."

"ಊರಮ್ಮಂಗೆ ಸರ ಬ್ಯಾಡ ಕಣವ್ವ. ನೀನಿರು."

ಅವ್ವನ ಮುಖ ಬಿಳಿಚಿಕೊಂಡಿತು. "ಹಂಗನ್ಬಾರ್ದು. ತಪ್ಪಾಯ್ತು ಅಂತ ಕೆನ್ನೆ ಬಡ್ಕ, ಬಡ್ಕ" ಅಂದಳು. ನಾನು ಎರಡೂ ಕೆನ್ನೆ ಬಡಿದುಕೊಂಡು ಊರಮ್ಮನಲ್ಲಿ ತಪ್ಪಾಯ್ತು ಅಂದೆ. ಅಷ್ಟರಲ್ಲಿ ರೈಲು ಬಂತು.

ಅವ್ವ ಕಳಿಸಿದ ದುಡ್ಡಿನಲ್ಲಿ ಮಾವ ವರ್ಷದೊಳಗೇ ಹೋಗಿ ಸರ ಬಿಡಿಸಿ ತಂದ. ನಾನೂ ಅಜ್ಜಿಯೂ ಊರಮ್ಮನಿಗೆ ಒಪ್ಪಿಸಿದೆವು. ಸರ ಬಂತು, ಅವ್ವ ಬರಲಿಲ್ಲ. ಒಪ್ಪಂದದ ವರ್ಷ ಮುಗಿದಿಲ್ಲ ಅಂತ ಆ ಮನೆಯವರು ಬಿಡಲಿಲ್ಲ. ಬಿಡುವ ಹೊತ್ತಿಗೆ ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು, ಆಸ್ಪತ್ರೆಗೆ ದುಡ್ಡು ಬೇಕಿತ್ತು. ಆಮೇಲೆ ನನ್ನ ಓದು. ನಡುವೆ ಒಮ್ಮೊಮ್ಮೆ ನೆಂಟರ ಹಾಗೆ ಬಂದು ಹೋದಳು. ನಿಲ್ಲುವುದಕ್ಕೆ ಅಂತ ಅವ್ವ ಬಂದಾಗ ನನ್ನ ಮದುವೆಯ ಚಪ್ಪರಕ್ಕೆ ಗಳ ನೆಟ್ಟಿದ್ದರು. ಅವಳು ಮನೆಯೊಳಗೆ ಬಂದಳು, ನಾನು ಕಡೂರಿನ ಗಂಡನ ಮನೆಗೆ ಹೊರಟೆ.

ಊರಮ್ಮನ ಮೇಲೆ ನನಗೆ ದೂರಿಲ್ಲ. ಜೀವ ಕೊಟ್ಟಳು, ಒಳ್ಳೆಯ ಮನೆ ಕೊಟ್ಟಳು, ಅವ್ವನನ್ನು ಇನ್ನೂ ಗಟ್ಟಿಯಾಗಿ ಇಟ್ಟಿದ್ದಾಳೆ. ಬಸ್ಸು ಹತ್ತಿದರೆ ಅಜ್ಜಂಪುರ. ಇದೇನು ಕಡಿಮೆಯೇ ಅಂದುಕೊಳ್ಳುತ್ತೇನೆ. ನನ್ನ ಮಕ್ಕಳು ಉಣ್ಣುವಾಗ ಯಾರು ಕರಿಬೇವು ತೆಗೆದಿಡುತ್ತಾರೆ, ಯಾರಿಗೆ ಅನ್ನದ ಸೀದ ತಳ ಇಷ್ಟ, ಇದನ್ನು ನಾನು ಕಲಿತದ್ದು ಅಂತಲ್ಲ, ದಿನಾ ನೋಡಿ ನೋಡಿ ಬಂದದ್ದು. ನಾನು ಹೋದಾಗಲೆಲ್ಲ ಅವ್ವ ಈಗಲೂ ಕುವೈತಿನ ಆ ಮನೆಯ ಹುಡುಗನ ಸುದ್ದಿ ಹೇಳುತ್ತಾಳೆ. ಹಾಲಲ್ಲಿ ಕೆನೆ ಕಂಡರೆ ಓಡುತ್ತಿದ್ದ, ಮೊಟ್ಟೆಯ ಬಿಳಿ ಮಾತ್ರ ತಿನ್ನುತ್ತಿದ್ದ ಅಂತ. ಹೇಳುತ್ತಲೇ ಒಳಗೆ ಹೋಗಿ ಕಾಫಿಗೆ ಇಡುತ್ತಾಳೆ. ಚಮಚ ಹಿಡಿದುಕೊಂಡು ಬಾಗಿಲಿಗೆ ಬಂದು ಕೇಳುತ್ತಾಳೆ:

"ನಿಂಗೆ ಸಕ್ಕರೆ ಎಷ್ಟ್ ಹಾಕ್ಲಿ?"

ಸ್ವಲ್ಪ ಜಾಸ್ತೀನೇ ಇರಲಿ ಅನ್ನುತ್ತೇನೆ. ಮುಂದಿನ ಸಲ ಹೋದಾಗ ಮತ್ತೆ ಕೇಳುತ್ತಾಳೆ.