ನಡುವೆ ಬಾಗುವ ಗೆರೆ

ಗೆರೆಯಕ್ಕ ಹುಟ್ಟಿದ್ದು ೧೯೫೭ನೆಯ ಇಸವಿ ಮಾರ್ಚ್ ೧೪, ಗುರುವಾರ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದು ೧೯೭೯ನೆಯ ಇಸವಿ ಜುಲೈ ೨, ಸೋಮವಾರ. ಈ ಎರಡೂ ಅವರ ಸೇವಾ ಪುಸ್ತಕದಲ್ಲಿ ದಾಖಲಾಗಿವೆ. ಅವರ ಬಲಗಣ್ಣು ಕೈಕೊಟ್ಟ ದಿನ ಮಾತ್ರ ಎಲ್ಲಿಯೂ ದಾಖಲಾಗಿಲ್ಲ. ಅದನ್ನು ಗೊತ್ತುಮಾಡಲು ನಾನು ಸಾಕಷ್ಟು ವಿಚಾರಿಸಿದೆ. ೨೦೧೯ರ ಮೊದಲ ತಿಂಗಳುಗಳಲ್ಲಿ ಎಂಬುದಕ್ಕಿಂತ ಹೆಚ್ಚಿನದು ತಿಳಿಯಲಿಲ್ಲ.

ಇಪ್ಪತ್ತೆರಡು ವರ್ಷ ನಾನು ಅವರ ಎದುರು ಮೇಜಿನಲ್ಲಿ ಕುಳಿತು ಕೆಲಸ ಮಾಡಿದವನು. ಕೋಷ್ಟಕಗಳನ್ನು ನೋಡುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕೂದಲೆಳೆಯಷ್ಟು ಓರೆಯಾದ ಗೆರೆಯನ್ನೂ ಹಿಡಿಯುತ್ತಿದ್ದರಾದ್ದರಿಂದ ಯಂತ್ರದವರೇ ಅವರಿಗೆ ಆ ಹೆಸರನ್ನಿಟ್ಟಿದ್ದರು. ಅವರ ಪದ್ಧತಿ ಬದಲಾದದ್ದನ್ನು ನಾನು ಕಾಣೆ: ಓದುತ್ತಿರುವ ಸಾಲಿನ ಕೆಳಗೆ ಉಕ್ಕಿನ ಸ್ಕೇಲು, ಬಲಗಣ್ಣಿಗೆ ಭೂತಗನ್ನಡಿ, ಎಡಗಣ್ಣು ಭದ್ರವಾಗಿ ಮುಚ್ಚಿದ್ದು. ಊಟದ ವೇಳೆಯಲ್ಲಿ ಯಾರಾದರೂ ಚೀಟಿ ಕೊಟ್ಟರೂ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. "ಅಕ್ಕ ನಮಗೆಲ್ಲ ಕಣ್ಣು ಹೊಡೀತಾರಪ್ಪ" ಎಂದು ಬೈಂಡಿಂಗಿನವರು ನಗುತ್ತಿದ್ದರು.

ಮುದ್ರಣಾಲಯವು ೨೦೧೧ರ ಮಾರ್ಚ್ ೩೧ರಂದು ಮುಚ್ಚಿತು. ಅದೇ ವರ್ಷದ ಆಗಸ್ಟ್‌ನಿಂದ ಗೆರೆಯಕ್ಕ ಔಷಧ ತಯಾರಿಸುವ ಸಂಸ್ಥೆಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡತೊಡಗಿದರು. ಔಷಧದ ಪೆಟ್ಟಿಗೆಯೊಳಗೆ ಮಡಿಚಿಡುವ ತೆಳುಹಾಳೆಯಲ್ಲಿ, ಯಾವ ವಯಸ್ಸಿಗೆ ಎಷ್ಟು ಪ್ರಮಾಣ ಕೊಡಬೇಕೆಂಬ ಕೋಷ್ಟಕವಿರುತ್ತದೆಯಲ್ಲ, ಅದನ್ನು ಮೂಲದೊಡನೆ ಹೋಲಿಸಿ, ಸರಿಯಿದ್ದರೆ ಕೆಳಗೆ ಸಹಿ ಮಾಡಿ ಕಳುಹಿಸುವುದು. ಆ ಸಹಿ ಬೀಳದೆ ಒಂದು ಹಾಳೆಯೂ ಅಚ್ಚಿಗೆ ಹೋಗುತ್ತಿರಲಿಲ್ಲ. ಬಿದ್ದ ಮೇಲೆ ಅದನ್ನು ಮತ್ತೊಬ್ಬರು ನೋಡುತ್ತಲೂ ಇರಲಿಲ್ಲ.

೨೦೧೯ರ ಮೇ ೬ರಂದು ಸಂಸ್ಥೆಯಿಂದ ಪತ್ರ ಬಂತು. ಜುಲೈ ೧ರಿಂದ ಕಾಗದದ ಕರಡು ಕಳುಹಿಸಲಾಗುವುದಿಲ್ಲ, ಎಲ್ಲವನ್ನೂ ಕಂಪ್ಯೂಟರಿನಲ್ಲಿಯೇ ನೋಡಿ ಹಿಂದಿರುಗಿಸಬೇಕು, ಆಗದವರು ತಿಳಿಸಿದರೆ ಕೆಲಸವನ್ನು ಬೇರೆಯವರಿಗೆ ವಹಿಸಲಾಗುವುದು. ಆಗದವರ ಸಾಲಿಗೆ ಸೇರುವ ಮನಸ್ಸು ಗೆರೆಯಕ್ಕನಿಗಿರಲಿಲ್ಲ. ಮನೆಯಲ್ಲಿದ್ದ ಹಳೆಯ ಚೌಕದ ಮಾನಿಟರ್ ಪತ್ರ ಓದುವುದಕ್ಕಷ್ಟೇ ಸಾಕಾಗುವಂಥದು. ಜೂನ್ ೧೦, ಸೋಮವಾರ ಬೆಳಿಗ್ಗೆ ಯಜಮಾನರನ್ನು ಕರೆದುಕೊಂಡು ಅಂಗಡಿಗೆ ಹೋದರು. ಯಜಮಾನರು ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತರಾದವರು.

"ಇದು ನೋಡಿ ಮೇಡಂ, ಹೊಸದು. ಬಾಗಿರೋ ಪರದೆ. ಈಗ ಎಲ್ಲರೂ ಇದನ್ನೇ ಕೇಳ್ತಾರೆ" ಎಂದ ಅಂಗಡಿಯವನು.

"ಬಾಗಿದ್ದನ್ನ ನೇರ ಮಾಡೋದೇ ನಲವತ್ತು ವರ್ಷದಿಂದ ನನ್ನ ಕೆಲಸ. ದುಡ್ಡು ಕೊಟ್ಟು ಬಾಗಿದ್ದನ್ನೇ ಮನೆಗೆ ತರಲಾ?"

ತಮಗೆ ಬೇಕಾದುದನ್ನು ಅವರು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು. ಮೂಲವೂ ಕರಡೂ ಪಕ್ಕಪಕ್ಕದಲ್ಲಿ ಪೂರ್ಣ ಗಾತ್ರದಲ್ಲಿ ಹಿಡಿಸಬೇಕು. ಕಿಟಕಿಯ ಬೆಳಕು ಹೊಳೆಯಬಾರದು. ಎತ್ತರ ತಗ್ಗಿಸಲು ಬರಬೇಕು. ಅಕ್ಷರದ ಅಂಚು ಒಡೆದು ಕಾಣಬಾರದು. ಸಿನಿಮಾ ಹೇಗೆ ಕಾಣುತ್ತದೆ, ಆಟ ಎಷ್ಟು ವೇಗವಾಗಿ ಓಡುತ್ತದೆ ಎಂಬ ವರ್ಣನೆಗೆ ಅವರು ಕಿವಿಗೊಡಲಿಲ್ಲ. ನಿಂತುಕೊಂಡೇ, ಎರಡೂ ಕಣ್ಣು ತೆರೆದು ನೋಡಿ, ಇಪ್ಪತ್ತನಾಲ್ಕು ಇಂಚಿನದೊಂದನ್ನು ಆರಿಸಿದರು.

ಮನೆಯಲ್ಲಿ ಅದನ್ನು ಮೇಜಿನ ಮೇಲಿಟ್ಟು, ಹಳೆಯ ಕೋಷ್ಟಕವೊಂದನ್ನು ತೆರೆದು, ಅಭ್ಯಾಸದಂತೆ ಎಡಗಣ್ಣು ಮುಚ್ಚಿ ಕುಳಿತರು. ನಡುವಣ ಅಂಕಣದಲ್ಲಿ ಗೆರೆ ಬಾಗಿತ್ತು. ಬಿಗಿದ ದಾರವನ್ನು ಬೆರಳಿನಿಂದ ಕೆಳಕ್ಕೆ ಒತ್ತಿದಂತೆ ಒಂದು ತಗ್ಗು. ಆ ತಗ್ಗಿನಲ್ಲಿದ್ದ ಅಂಕಿ ತುಸು ಮಾಸಿತ್ತು.

"ರೀ, ಇಲ್ಲಿ ಬನ್ನಿ. ಈ ಗೆರೆ ನೋಡಿ."

ಟೈಮ್‌ಕೀಪರ್ ಬಂದು ಬಗ್ಗಿ ನೋಡಿದರು. "ನೇರವಾಗೇ ಇದೆಯಲ್ಲೇ."

"ನಿಮ್ಮನ್ನ ಕೇಳಿದ್ನಲ್ಲ. ಮೊನ್ನೆ ಒಂದು ಕಾಲಿಗೆ ಕಂದು ಚಪ್ಪಲಿ, ಇನ್ನೊಂದಕ್ಕೆ ಕಪ್ಪು ಹಾಕ್ಕೊಂಡು ಅಂಚೆ ಕಚೇರಿಗೆ ಹೋಗಿ ಬಂದವರು ನೀವು."

"ಕಾಲಿಗೆ ಎರಡೂ ಸರಿಯಾಗೇ ಇದ್ವು" ಎಂದು ಅವರು ತಮ್ಮ ಪತ್ರಿಕೆಗೆ ಮರಳಿದರು.

ಜೂನ್ ೧೩ರಂದು ಮಾನಿಟರ್ ಅಂಗಡಿಗೆ ಹಿಂದಿರುಗಿತು. ಅಂಗಡಿಯವನಿಗೂ ದೋಷ ಕಾಣಲಿಲ್ಲ. ಗೆರೆಯಕ್ಕ ಕುರ್ಚಿ ತರಿಸಿಕೊಂಡು, ಎಡಗಣ್ಣು ಮುಚ್ಚಿ, ಬಾಗಿದ ಜಾಗವನ್ನು ಬೆರಳಿಟ್ಟು ತೋರಿಸಿದರು. ಸ್ಕೇಲು ಇಟ್ಟೇ ತೋರಿಸಲು ಹೋದಾಗ ಪರದೆ ಗೀಚಿಹೋಗುತ್ತದೆಂದು ಅವನು ಕೈ ಹಿಡಿದ. ಹಳೆಯ ಗಿರಾಕಿಗಳ ಮುಂದೆ ಮಾತು ಬೆಳೆಸುವುದು ಬೇಡವೆಂದು ಮತ್ತೊಂದು ಕಂಪನಿಯದನ್ನು ಕೊಟ್ಟ. ಅದೂ ಜೂನ್ ೧೭ರಂದು ಹಿಂದಿರುಗಿತು. ಅದೇ ತಗ್ಗು, ಅದೇ ನಡುವಿನಲ್ಲಿ. ಎರಡು ಬೇರೆ ಕಾರ್ಖಾನೆಗಳು ಒಂದೇ ತಪ್ಪು ಮಾಡಿವೆಯೆಂದರೆ ಅನುಮಾನ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಕಾಗದದಲ್ಲಿ ಎಂದೂ ಕಾಣದ ಬಾಗು ಪರದೆಯಲ್ಲಿ ಕಂಡರೆ ತಪ್ಪು ಪರದೆಯದೇ ಎಂದು ಅವರು ತೀರ್ಮಾನಿಸಿದ್ದರು. ಕಾಗದದ ಮೇಲೆ ಗೆರೆಗೆ ಒತ್ತಿ ಸ್ಕೇಲು ಇರುತ್ತಿತ್ತು, ಅದು ನೇರವೆಂದು ಕೈಗೆ ಮೊದಲೇ ಗೊತ್ತಿತ್ತು. ಭೂತಗನ್ನಡಿಯ ಅಂಚಿನಲ್ಲಿ ಎಲ್ಲವೂ ಸೊಟ್ಟಗೆ ಕಾಣುವುದು ಹೊಸತಲ್ಲ. ಪರದೆಯ ಮುಂದೆ ಇವೆರಡೂ ಇರಲಿಲ್ಲ. ಮುಚ್ಚಿದ ಎಡಗಣ್ಣು ಮಾತ್ರ ಹಾಗೆಯೇ ಇತ್ತು.

ಮೂರನೆಯದು ಜೂನ್ ೨೦, ಗುರುವಾರ ಮನೆಗೆ ಬಂತು. "ಮೇಡಂ, ಇದಾದ್ಮೇಲೆ ನನ್ನ ಹತ್ರ ಗೋಡೆ ಗಡಿಯಾರ ಮಾತ್ರ ಇರೋದು" ಎಂದಿದ್ದ ಅಂಗಡಿಯವನು. ಇದು ಎಲ್ಲಕ್ಕಿಂತ ಒಳ್ಳೆಯದು. ಉದ್ದನೆಯ ಹಾಳೆಗೆ ಅನುಕೂಲವಾಗಲೆಂದು ಪರದೆಯನ್ನೇ ಕಾಲುಸುತ್ತು ತಿರುಗಿಸಿ ನೆಟ್ಟಗೆ ನಿಲ್ಲಿಸಬಹುದಾಗಿತ್ತು.

ಅಡ್ಡವಾಗಿದ್ದಾಗ ಅಡ್ಡಗೆರೆ ನಡುವೆ ಬಾಗಿತು. ಗೆರೆಯಕ್ಕ ಬಾಗಿದ ಸ್ಥಳದ ನೇರಕ್ಕೆ ಪರದೆಯ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡರು, ಅಂಗಡಿಯವನ ಬಾಯಿ ಮುಚ್ಚಿಸುವ ಪುರಾವೆಗಾಗಿ. ಬಳಿಕ ಪರದೆಯನ್ನು ತಿರುಗಿಸಿದರು. ಗುರುತು ಚೌಕಟ್ಟಿನೊಡನೆ ಮೇಲಿನಿಂದ ಪಕ್ಕಕ್ಕೆ ಹೋಯಿತು. ತಗ್ಗು ಹೋಗಲಿಲ್ಲ. ಅವರ ದೃಷ್ಟಿ ಎಲ್ಲಿ ನೆಟ್ಟಿತ್ತೋ ಅಲ್ಲಿಯೇ, ಇನ್ನೂ ಕೆಳಮುಖವಾಗಿಯೇ ನಿಂತಿತ್ತು.

ಹಾಳೆಯಲ್ಲಿರುವ ತಪ್ಪು ಹಾಳೆಯನ್ನು ತಿರುಗಿಸಿದರೆ ಅದರೊಡನೆ ತಿರುಗುತ್ತದೆ. ಕರಡು ತಿದ್ದುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅವರು ಪರದೆಯಿಂದ ಮುಖವೆತ್ತಿ, ಎಡಗಣ್ಣು ಮುಚ್ಚಿಕೊಂಡೇ, ಬಾಗಿಲಿನ ಚೌಕಟ್ಟನ್ನು ನೋಡಿದರು. ಮರ ಬಾಗಿತ್ತು. ಬಾಗಿಲಲ್ಲಿ ನಿಂತಿದ್ದ ಟೈಮ್‌ಕೀಪರರ ಮುಖದ ನಡುವೆ ಬೂದುಬಣ್ಣದ ಮಚ್ಚೆಯೊಂದಿತ್ತು, ಮೂಗಿರಬೇಕಾದಲ್ಲಿ.

"ಏನೇ, ಹಾಗೆ ನೋಡ್ತೀಯ?"

"ಅಲ್ಲಾಡಬೇಡಿ." ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣನ್ನು ತೆರೆದರು. ಬಾಗಿಲು ನೇರವಾಯಿತು, ಗಂಡನ ಮುಖ ಪೂರ್ತಿ ಕಂಡಿತು. "ಪರದೆ ಸರಿಯಾಗಿದೆ ಕಣ್ರೀ. ಮೂರೂ ಸರಿಯಾಗೇ ಇದ್ವು."

ಜೂನ್ ೨೪ರಂದು ಕಣ್ಣಿನ ವೈದ್ಯರು ಬಹಳ ಹೊತ್ತು ಪರೀಕ್ಷಿಸಿ, ಬಲಗಣ್ಣಿನ ಒಳಪದರದ ನಟ್ಟನಡುವೆ ಊತವಿದೆ, ಚುಚ್ಚುಮದ್ದಿನಿಂದ ಇದ್ದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬಹುಶಃ ಹೋದಂತೆಯೇ ಎಂದರು. ಎಡಗಣ್ಣು ಈಗ ಚೆನ್ನಾಗಿದೆ. "ಈಗ" ಎಂಬುದನ್ನು ಅವರು ಒತ್ತಿ ಹೇಳಿದರು.

ಗೆರೆಯಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ದಿನದಿಂದ ಹೀಗಿರಬಹುದು?"

"ಹೇಳೋದು ಕಷ್ಟಮ್ಮ. ಇನ್ನೊಂದು ಕಣ್ಣು ಸರಿಯಿದ್ರೆ ಜನಕ್ಕೆ ಗೊತ್ತೇ ಆಗಲ್ಲ. ನಾಲ್ಕು ತಿಂಗಳೋ, ಆರೋ."

ಬರುವಾಗ ಆಟೋದಲ್ಲಿ ಟೈಮ್‌ಕೀಪರ್ ತಗ್ಗಿದ ದನಿಯಲ್ಲಿ, "ಜುಲೈ ಒಂದು ಇನ್ನೇನು ಬಂತು. ಯಾರಿಗೂ ಹೇಳೋದು ಬೇಡ. ಎಡಗಣ್ಣಿದೆ, ದೊಡ್ಡ ಪರದೆ ಬಂದಿದೆ, ಇನ್ನು ಮುಂದೆ ಅದರಲ್ಲೇ ಓದು. ಅಷ್ಟೇ ತಾನೆ?" ಎಂದರು.

"ಮುಂದಿಂದು ಬಿಡಿ. ಹಿಂದಿಂದು?"

ಜನವರಿಯಿಂದ ಅವರು ಸಹಿ ಮಾಡಿ ಕಳುಹಿಸಿದ್ದು ನಲವತ್ತೊಂದು ಕೋಷ್ಟಕಗಳು. ಪ್ರತಿಯೊಂದರ ಮೂಲವನ್ನೂ ಸಹಿಯಾದ ಕರಡನ್ನೂ ಕಳುಹಿಸುವ ಮೊದಲು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಮರುದಿನ ಬೆಳಿಗ್ಗೆ ಬಲಗಣ್ಣಿಗೆ ಹತ್ತಿಯಿಟ್ಟು ಪಟ್ಟಿ ಅಂಟಿಸಿಕೊಂಡು, ಮೂರನೆಯ ಮಾನಿಟರ್ ಮುಂದೆ ಕುಳಿತು, ಮೊದಲನೆಯದರಿಂದ ಆರಂಭಿಸಿದರು. ಎಡಭಾಗದಲ್ಲಿ ಮೂಲ, ಬಲಭಾಗದಲ್ಲಿ ಕರಡು. ಅಭ್ಯಾಸವಿಲ್ಲದ ಕಣ್ಣು ಬೇಗ ದಣಿಯುತ್ತಿತ್ತು. ಅರ್ಧ ಗಂಟೆಗೊಮ್ಮೆ ನಿಲ್ಲಿಸಬೇಕಾಗುತ್ತಿತ್ತು. ಆ ದಿನ ಐದು, ಮರುದಿನ ಆರು. ತಪ್ಪು ಸಿಗಲಿಲ್ಲ. ಟೈಮ್‌ಕೀಪರ್ ಕಾಫಿ ತಂದಿಡುತ್ತ, "ನೋಡಿದ್ಯಾ, ನೀನು ಕಣ್ಣು ಮುಚ್ಕೊಂಡೂ ಕರಡು ತಿದ್ದೋಳು" ಎಂದು ನಗಿಸಲು ನೋಡಿದರು. ಅವರು ನಗಲಿಲ್ಲ.

ಜೂನ್ ೨೭, ಗುರುವಾರ, ಹನ್ನೊಂದೂಕಾಲಿಗೆ ಹದಿನೈದನೆಯದನ್ನು ತೆರೆದರು. ಮಕ್ಕಳಿಗೆ ಕೊಡುವ ದ್ರವರೂಪದ ಔಷಧ. ಎರಡು ವರ್ಷದೊಳಗಿನವರಿಗೆ, ಒಂದು ಹೊತ್ತಿಗೆ, ಮೂಲದಲ್ಲಿ ೨.೫ ಮಿಲಿ. ಕರಡಿನಲ್ಲಿ ೨೫ ಮಿಲಿ. ಚುಕ್ಕೆ ಇರಲಿಲ್ಲ. ಕೆಳಗೆ ಫೆಬ್ರುವರಿ ೧೯ರ ದಿನಾಂಕದೊಡನೆ ಅವರ ಸಹಿಯಿತ್ತು, ಎಂದಿನಂತೆ ದುಂಡಗೆ.

ಪರದೆಯ ಮೇಲೆ ಆ ಸಾಲನ್ನು ನಾಲ್ಕರಷ್ಟು ಹಿಗ್ಗಿಸಿ ನೋಡಿದರು. ಚುಕ್ಕೆ ಇರಲಿಲ್ಲ. ಗಂಡನನ್ನು ಕರೆದು ಓದಿಸಿದರು.

"ಇಪ್ಪತ್ತೈದು" ಎಂದರು ಅವರು. ಆಮೇಲೆ ಮೂಲವನ್ನು ಓದಿದರು, "ಎರಡೂವರೆ." ಈ ಸಲ ಗಂಡನ ಕಣ್ಣನ್ನು ಗೆರೆಯಕ್ಕ ಹಂಗಿಸಲಿಲ್ಲ.

ಫೋನ್ ಎತ್ತಿಕೊಂಡವರು ಸಂಸ್ಥೆಯ ಮುದ್ರಣ ವಿಭಾಗದ ಅಧಿಕಾರಿಣಿ. ಎಂಟು ವರ್ಷದಿಂದ ಪರಿಚಿತ ದನಿ.

"ಹೇಳಿ ಅಮ್ಮ, ಹೊಸ ಮಾನಿಟರ್ ಬಂತಾ?"

"ಬಂತು. ಬರ್ಕೊಳ್ಳಿ. ಫೆಬ್ರುವರಿ ಹತ್ತೊಂಬತ್ತು ನಾನು ಪಾಸ್ ಮಾಡಿದ ಕೋಷ್ಟಕ, ಮಕ್ಕಳದ್ದು, ಮೊದಲನೇ ಸಾಲು. ಎರಡೂವರೆ ಇರಬೇಕಾದಲ್ಲಿ ಇಪ್ಪತ್ತೈದಿದೆ. ಅಚ್ಚು ನಿಲ್ಲಿಸಿ."

ಅತ್ತ ಕೀಲಿಮಣೆಯ ಸದ್ದು ಕೇಳಿತು, ನಿಂತಿತು. "ನಿಲ್ಲಿಸೋಕೇನಿದೆ ಅಮ್ಮ. ಮಾರ್ಚ್‌ನಲ್ಲೇ ಅಚ್ಚಾಗಿದೆ. ಪೆಟ್ಟಿಗೆಗಳು ಅಂಗಡಿಗಳಿಗೆ ಹೋಗಿ ಮೂರು ತಿಂಗಳಾಯ್ತು." ಮತ್ತೆ ಕೀಲಿಮಣೆ ಒತ್ತುತ್ತ, "ನಿಮಗೆ ಖಾತ್ರಿ ಇದೆಯಾ? ಇದನ್ನ ನಾನು ಮೇಲಿನವರಿಗೆ ಹೇಳಿದ್ರೆ ಮೊದಲು ಕೇಳೋದು ನಿಮ್ಮ ಹೆಸರು."

"ಅದನ್ನೇ ಹೇಳಿ. ಕಣ್ಣು ಹೋಗಿದೆ ಅಂತಾನೂ ಹೇಳಿ, ಬಲಗಣ್ಣು. ಈಗ ಫೋನಿಡಬೇಡಿ, ಎಲ್ಲ ಅಂಗಡಿಗಳಿಗೂ ಹೇಗೆ ತಿಳಿಸ್ತೀರಿ ಅಂತ ನನಗೆ ಹೇಳಿ."

ಅಧಿಕಾರಿಣಿ ಹಿಂದೆ ಯಾರನ್ನೋ ಕೂಗಿ ಕರೆದದ್ದು, ಕುರ್ಚಿ ಸರಿದದ್ದು ಕೇಳಿಸಿತು. ಅನಂತರ ತಾನೇ ಮರಳಿ ಕರೆಮಾಡುವುದಾಗಿ ಹೇಳಿ ಆಕೆ ಫೋನಿಟ್ಟಳು. ಗೆರೆಯಕ್ಕ ಫೋನನ್ನು ಮೇಜಿನ ಮೇಲೆ ಕೈಗೆಟಕುವಂತಿಟ್ಟುಕೊಂಡು, ಪಟ್ಟಿಯನ್ನು ಬಲಗಣ್ಣಿನ ಮೇಲೆ ಮತ್ತೊಮ್ಮೆ ಒತ್ತಿ, ಹದಿನಾರನೆಯ ಕೋಷ್ಟಕವನ್ನು ತೆರೆದರು. ಇನ್ನೂ ಇಪ್ಪತ್ತಾರು ಉಳಿದಿದ್ದವು.